ಪರೀಕ್ಷೆ ಎಂದು ಬರೆದವಳು

ಮೂರಕ್ಷರದ ಒಂದು ಪದ ಬರೆದು ನಾನು ಒಂದು ಮನೆಯ ನೆಮ್ಮದಿ ಹಾಳು ಮಾಡಿದೆ. ಅದು ಬೈಗುಳವಲ್ಲ, ಚಾಡಿಯೂ ಅಲ್ಲ. 'ಪರೀಕ್ಷೆ' ಎಂಬ ಸಾಧು ಪದ, ಸ್ಕೂಲಿಗೆ ಹೋಗುವ ಮಕ್ಕಳಿಗೂ ಗೊತ್ತಿರುವಂಥದ್ದು. ಅವಸರದಲ್ಲಿ ತಪ್ಪಿ ಬರೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೂತು, ಯೋಚನೆ ಮಾಡಿ, ಬೇಕೆಂದೇ ಬರೆದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ನಾವು ಮೈಸೂರಿನಿಂದ ಸಿಡ್ನಿಗೆ ಬಂದೆವು. ನನ್ನ ಗಂಡ ಎಂಜಿನಿಯರು, ಬಂದ ತಿಂಗಳಿಗೇ ಅವರಿಗೆ ಕೆಲಸವಾಯಿತು. ಜೀವಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದ ನಾನು ಮಾತ್ರ ಪ್ಯಾರಮ್ಯಾಟಾದ ಯೂನಿಟ್ಟಿನಲ್ಲಿ, ಅಂದರೆ ಬಾಡಿಗೆಯ ಪುಟ್ಟ ಫ್ಲ್ಯಾಟಿನಲ್ಲಿ, ಮನೆಯ ಬಟ್ಟೆ ಮಡಚುತ್ತಾ ಕೂತೆ. ಒಂದು ವರ್ಷದ ಮೇಲೆ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಆ ದಿನ ಬಸ್ಸಿನಲ್ಲೇ ಅತ್ತುಬಿಟ್ಟಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ಮಾಡಿದ್ದಕ್ಕೆಲ್ಲ ಬೇರು ಇಲ್ಲೇ ಇದೆ. ಈ ಬಿಳಿಯರ ಮುಂದೆ ದಡ್ಡಿ ಅನ್ನಿಸಿಕೊಳ್ಳಬಾರದು ಎಂಬ ಹಟ ಅವತ್ತೇ ನನಗೆ ಹತ್ತಿತು.

ಆ ಪ್ರಯೋಗಾಲಯದಲ್ಲಿ, ಮನೆತನದಲ್ಲಿ ಇಳಿದು ಬರುವ ಒಂದು ಕಣ್ಣಿನ ಕಾಯಿಲೆಯ ಮೂಲ ಹುಡುಕುತ್ತಿದ್ದರು. ಇಪ್ಪತ್ತರ ವಯಸ್ಸಿಗೆ ಇರುಳುಗುರುಡು ಶುರುವಾಗಿ, ಬರಬರುತ್ತಾ ಹಗಲೂ ಮಬ್ಬಾಗಿ, ಕೊನೆಗೆ ಪೂರ್ತಿ ಕತ್ತಲಾಗುವ ಕಾಯಿಲೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇದಕ್ಕೆ ಕಾಯಿಲೆ ಇರುವ ಕುಟುಂಬಗಳ ರಕ್ತ ಬೇಕು, ಹೋಲಿಸಿ ನೋಡಲು ಅದೇ ಸೀಮೆಯ ಆರೋಗ್ಯವಂತರ ರಕ್ತವೂ ಬೇಕು. "ನಮ್ಮ ಕನ್ನಡದವರ ಹತ್ತಿರ ನಾನು ತರ್ತೀನಿ" ಎಂದು ಮೀಟಿಂಗಿನಲ್ಲಿ ಕೈ ಎತ್ತಿದವಳು ನಾನೇ. ನಮ್ಮ ಪ್ರೊಫೆಸರು, ಅರವತ್ತರ ಹತ್ತಿರದ ಮೆದು ಮಾತಿನ ಮನುಷ್ಯ, ಕನ್ನಡಕ ತೆಗೆದು ನನ್ನನ್ನು ನೋಡಿ ನಕ್ಕರು. ಆ ನಗು ನನಗೆ ಒಂದು ವಾರ ಊಟದಂತಿತ್ತು.

ರಕ್ತ ಕೊಡುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಇಂಗ್ಲಿಷ್ ಪತ್ರವನ್ನು ಕನ್ನಡಕ್ಕೆ ತಂದವಳು ನಾನು. 'ಇದು ಸಂಶೋಧನೆ. ಇದರಿಂದ ನಿಮಗೆ ನೇರವಾದ ಪ್ರಯೋಜನವಿಲ್ಲ. ನಿಮ್ಮ ಫಲಿತಾಂಶವನ್ನು ನಿಮಗೆ ತಿಳಿಸಲಾಗುವುದಿಲ್ಲ.' ಮೊದಲು ಹೀಗೇ ಬರೆದೆ. ಓದಿದರೆ ನನಗೇ ಹೆದರಿಕೆಯಾಯಿತು. ಸಂಶೋಧನೆ ಅಂದರೆ ನಮ್ಮ ಆಂಟಿಯರು 'ಅಯ್ಯೋ, ನಮ್ಮ ಮೇಲೇ ಪ್ರಯೋಗ ಮಾಡ್ತಾರಂತೆ ಕಣ್ರೀ' ಎಂದು ಅರ್ಧ ಊಟಕ್ಕೇ ಎದ್ದು ಹೋಗುತ್ತಾರೆ. ಹಾಗಾಗಿ ಅದನ್ನು ಹೊಡೆದುಹಾಕಿ 'ರಕ್ತ ಪರೀಕ್ಷೆ' ಎಂದು ಬರೆದೆ. ಫಲಿತಾಂಶದ ವಾಕ್ಯವನ್ನು ತೆಗೆಯುವ ಧೈರ್ಯವಾಗಲಿಲ್ಲ. ಕೊನೆಗೆ, ಸಹಿಯ ಜಾಗದ ಕೆಳಗೆ, ಚಿಕ್ಕ ಅಕ್ಷರದಲ್ಲಿ ತುರುಕಿದೆ. ಪತ್ರಗಳನ್ನು ನೋಡುವ ಸಮಿತಿಯಲ್ಲಿ ಕನ್ನಡ ಬಲ್ಲವರು ಯಾರಿದ್ದಾರೆ? ಅನುವಾದ ಮೂಲಕ್ಕೆ ಸರಿಯಾಗಿದೆ ಎಂದು ಸಹಿ ಹಾಕಿದವಳೂ ನಾನೇ.

ಯುಗಾದಿಯ ಮರು ಭಾನುವಾರ ನಮ್ಮವರೆಲ್ಲ ಒಂದು ಸ್ಕೂಲಿನ ಹಾಲ್ ಬುಕ್ ಮಾಡಿ ಸೇರುವ ರೂಢಿ. ಬಿಸಿಬೇಳೆ ಭಾತು, ಒಬ್ಬಟ್ಟು, ಮಕ್ಕಳ ಹಾಡು. ಆ ವರ್ಷ ಮೂಲೆಯಲ್ಲಿ ನನ್ನ ಮೇಜು. "ಬಂತಪ್ಪ ನಮ್ಮನೆ ತಿಗಣೆ. ಊಟ ಹಾಕಿಸಿ ರಕ್ತ ಹೀರುತ್ತೆ" ಎಂದು ನನ್ನ ಗಂಡ ಎಲ್ಲರೆದುರು ಹಾಸ್ಯ ಮಾಡಿದರು. ಜನ ನಗುತ್ತಾ ಸಾಲು ನಿಂತರು. "ಶುಗರ್ ಎಷ್ಟಿದೆ ಅಂತ ಗೊತ್ತಾಗುತ್ತಾ?" "ಒಬ್ಬಟ್ಟು ತಿಂದ್ಬಿಟ್ಟಿದ್ದೀನಲ್ಲಮ್ಮ, ಪರವಾಗಿಲ್ವಾ?" "ರಿಪೋರ್ಟ್ ಪೋಸ್ಟಲ್ಲಿ ಕಳಿಸ್ತೀರಾ?" ನಾನು ಯಾರಿಗೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. "ನೋಡೋಣ ಆಂಟಿ, ಮೊದಲು ಸಹಿ ಹಾಕಿ" ಎನ್ನುತ್ತಿದ್ದೆ.

ಆ ಸಾಲಿನಲ್ಲಿ ಕ್ವೇಕರ್ಸ್ ಹಿಲ್ ಬಡಾವಣೆಯ ಒಂದು ಕುಟುಂಬವೂ ಬಂತು. ನನಗೆ ನಿಜವಾಗಿ ಬೇಕಾಗಿದ್ದವರು ಇವರೇ. ಮೈಸೂರಿನವರೇ, ನಮಗಿಂತ ಬಹಳ ಮೊದಲು ಬಂದವರು. ಅಂಕಲ್‌ಗೆ ಕಣ್ಣು ಪೂರ್ತಿ ಹೋಗಿತ್ತು. ಇಪ್ಪತ್ತೇಳರ ಮಗನಿಗೆ ಹೋಗುತ್ತಾ ಇತ್ತು. ಇಬ್ಬರ ಮೊಣಕೈಯನ್ನೂ ಹಿಡಿದು ನಡೆಸಿಕೊಂಡು ಬಂದವಳು ಮಗಳು. ಇಪ್ಪತ್ತೆರಡರ ಹುಡುಗಿ, ಯೂನಿವರ್ಸಿಟಿಯಲ್ಲಿ ಫಾರ್ಮಸಿ ಓದುತ್ತಿದ್ದಳು, ಎಲ್ಲರ ಬಾಯಲ್ಲೂ ಪುಟ್ಟಿ. ಅವರ ಹಿಂದೆ ಆಂಟಿ, ಎಲ್ಲರ ಸ್ವೆಟರನ್ನೂ ಹೊತ್ತುಕೊಂಡು. ಆಂಟಿಗೆ ಇಂಗ್ಲಿಷ್ ಓದಲು ಅಷ್ಟು ಬರುತ್ತಿರಲಿಲ್ಲ. ನನ್ನ ಕನ್ನಡದ ಪತ್ರ ನೋಡಿ ಅವರ ಮುಖ ಅರಳಿತು. "ಅಬ್ಬಾ, ನಮ್ಮ ಭಾಷೇಲಿ ಒಂದು ಫಾರಂ! ಎಷ್ಟು ಚೆನ್ನಾಗಿ ಬರ್ದಿದ್ದೀಯೇ" ಎಂದು ಕನ್ನಡಕ ಹಾಕಿಕೊಂಡು ಮೇಲಿನ ಎರಡು ಸಾಲು ಗಟ್ಟಿಯಾಗಿ ಓದಿದರು. ಆಮೇಲೆ ಸಹಿ ಹಾಕಿ, ತೋಳು ಚಾಚಿದರು.

ಪ್ರಯೋಗಾಲಯದ ವಿದ್ಯೆಯೆಲ್ಲ ಇಲ್ಲಿ ಬೇಡ. ಇಷ್ಟು ಸಾಕು: ರಕ್ತದಿಂದ ಡಿಎನ್‌ಎ ತೆಗೆದು, ಅದನ್ನು ಒಂದು ಫಿಲ್ಮಿನ ಮೇಲೆ ಕಪ್ಪು ಗೆರೆಗಳಾಗಿ ಮೂಡಿಸುತ್ತಿದ್ದೆವು. ಪ್ರತಿ ಮಗುವಿನ ಒಂದು ಗೆರೆ ತಾಯಿಯದು, ಒಂದು ತಂದೆಯದು. ಮಗನ ಗೆರೆಗಳು ಅಪ್ಪ ಅಮ್ಮನ ಗೆರೆಗಳಿಗೆ ಸರಿಯಾಗಿ ಕೂತವು. ಪುಟ್ಟಿಯವು ಕೂರಲಿಲ್ಲ. ಅಪ್ಪನ ಜೊತೆಯಲ್ಲೂ ಇಲ್ಲ, ಅಮ್ಮನ ಜೊತೆಯಲ್ಲೂ ಇಲ್ಲ. ಡಿಎನ್‌ಎಯ ಇನ್ನೆರಡು ಕಡೆ ನೋಡಿದೆ. ಅಲ್ಲೂ ಹಾಗೇ.

ಪ್ರೊಫೆಸರಿಗೆ ತೋರಿಸಿದೆ. ಅವರು ಬೆಳಕಿನ ಮುಂದೆ ಫಿಲ್ಮ್ ಹಿಡಿದು ನೋಡಿ, "ಇವಳನ್ನು ಬಿಟ್ಟುಬಿಡು. ಕುಟುಂಬಗಳನ್ನು ಅಭ್ಯಾಸ ಮಾಡುವಾಗ ಇದೆಲ್ಲ ಎದುರಾಗುತ್ತೆ. ಅದು ನಮ್ಮ ಪ್ರಶ್ನೆಯಲ್ಲ" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ? ಬಿಡಲಿಲ್ಲ. ಅವರು ಬಾಯಿಬಿಟ್ಟು ಹೇಳದಿದ್ದರೂ, ಆ ಗದ್ದಲದ ಹಾಲಿನಲ್ಲಿ ನಾನು ಕೊಳವೆ ಅದಲುಬದಲು ಮಾಡಿದ್ದೇನೆ ಅಂದುಕೊಂಡರೆ? ಮೈಯೆಲ್ಲ ಉರಿಯಿತು. ನನ್ನ ಕೈ ತಪ್ಪಿಲ್ಲ, ತಪ್ಪಿಲ್ಲ ಎಂದು ತೋರಿಸಲೇಬೇಕು. ಜೊತೆಗೆ, ಈಗ ಒಪ್ಪಿಕೊಳ್ಳುತ್ತೇನೆ, ಕುತೂಹಲವೂ ಇತ್ತು. ಆ ಮನೆಯಲ್ಲಿ ಏನಿದೆ ಎಂಬ ಕೊಳಕು ಕುತೂಹಲ. ವಿಜ್ಞಾನ ಎಂಬ ಬಿಳಿ ಕೋಟು ಹಾಕಿಕೊಂಡರೆ ಅದು ಬೇರೆ ಹಾಗೆ ಕಾಣಿಸುತ್ತದೆ, ಅಷ್ಟೇ.

ಕ್ವೇಕರ್ಸ್ ಹಿಲ್‌ಗೆ ಫೋನ್ ಮಾಡಿದೆ. "ಆಂಟಿ, ನಿಮ್ಮದೂ ಪುಟ್ಟೀದೂ ಸ್ಯಾಂಪಲ್ ಕೆಟ್ಟುಹೋಗಿದೆ. ಇನ್ನೊಂದು ಸಲ ತಗೋಬೇಕು."

ಶನಿವಾರ ಬೆಳಿಗ್ಗೆ ಹೋದೆ. ಮುಂದಿನ ಕೋಣೆಯಲ್ಲಿ ಅಪ್ಪ ಮಗ ರೇಡಿಯೋ ಹಾಕಿಕೊಂಡು ಕ್ರಿಕೆಟ್ ಕೇಳುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ಆಂಟಿ ನನಗೆಂದು ಕೋಡುಬಳೆ ಕರಿದಿಟ್ಟಿದ್ದರು. ಪುಟ್ಟಿ ತೋಳು ಕೊಟ್ಟು, ಹತ್ತಿ ಒತ್ತಿ ಹಿಡಿದು, "ಸೀ ಯೂ ಆಂಟಿ" ಎಂದು ಕಾರಿನ ಕೀ ಎತ್ತಿಕೊಂಡು ಹೊರಟಳು. ಕಾರು ಹೋದ ಸದ್ದು ಕೇಳಿದ ಮೇಲೆ ಆಂಟಿ ಕೋಣೆಯ ಬಾಗಿಲು ಮುಂದಕ್ಕೆ ಹಾಕಿ ಬಂದು ನನ್ನೆದುರು ಕೂತರು.

"ಒಂದು ಕೇಳ್ತೀನಿ, ನಿಜ ಹೇಳು. ಇದರಲ್ಲಿ ಯಾರು ಯಾರ ಮಕ್ಕಳು ಅಂತ ಗೊತ್ತಾಗುತ್ತಾ?"

"ಇಲ್ಲ ಆಂಟಿ. ಬರೀ ಕಣ್ಣಿನ ವಿಷಯ."

"ಮತ್ತೆ ನಮ್ಮಿಬ್ಬರದು ಮಾತ್ರ ಹೇಗೆ ಕೆಟ್ಟುಹೋಯ್ತು? ಅವರಿಬ್ಬರದು ಸರಿಯಾಗಿದೆಯಲ್ಲ."

ನಾನು ಹೊಸ ಕೊಳವೆಯ ಮೇಲೆ ತಾರೀಖು ಬರೆಯತೊಡಗಿದೆ. ಆಂಟಿ ರವಿಕೆಯ ತೋಳು ಮೇಲೆ ಸರಿಸುತ್ತಾ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು: "ಇನ್ನೊಂದ್ಸಲ ತಗೊಂಡ್ರೆ ಬೇರೆ ಥರ ಬರುತ್ತೇನಮ್ಮಾ?"

ಆಮೇಲೆ ಅವರೇ ಹೇಳಿದರು. ಮಗ ಹುಟ್ಟಿ ಐದು ವರ್ಷಕ್ಕೆ, ಮೈಸೂರಿನ ಆಸ್ಪತ್ರೆಯಲ್ಲಿ, ಎರಡನೆಯ ಹೆರಿಗೆ. ಹೆಣ್ಣುಮಗು, ಹೊಟ್ಟೆಯಲ್ಲೇ ಹೋಗಿತ್ತು. ಪಕ್ಕದ ಮಂಚದಲ್ಲಿ ಮದುವೆಯಾಗದ ಒಬ್ಬ ಹುಡುಗಿ ಹೆತ್ತಿದ್ದಳು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಅವಳು ಇರಲಿಲ್ಲ, ಮಗು ಇತ್ತು. "ಅದು ಅಳ್ತಾನೇ ಇತ್ತು ಕಣೇ. ನನ್ನೆದೇಲಿ ಹಾಲಿತ್ತು, ಅದಕ್ಕೆ ಹಸಿವಿತ್ತು. ಅಷ್ಟೇ ಆಗಿದ್ದು. ಎತ್ಕೊಂಡೆ. ಇವರೂ ಬೇಡ ಅನ್ನಲಿಲ್ಲ. ಮನೆಗೆ ನಮ್ಮದು ಅಂತ್ಲೇ ಕರ್ಕೊಂಡು ಬಂದ್ವಿ. ನಮ್ಮಿಬ್ಬರಿಗೆ ಬಿಟ್ಟರೆ ಈ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ಈಗ ನಿನಗೆ." ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ನೀನು ನಮ್ಮೋಳು. ಅವಳಿಗೆ ಗೊತ್ತಾಗಬಾರದು. ನಾನು ಸತ್ತ ಮೇಲೂ ಗೊತ್ತಾಗಬಾರದು. ಆಣೆ ಇಡು."

ಆಣೆ ಇಟ್ಟೆ. ಇಟ್ಟು, ಸೂಜಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಎದ್ದು ಬರಬೇಕಿತ್ತು ತಾನೇ? ತಿಳಿಯಬೇಕಾದ್ದು ತಿಳಿದಾಗಿತ್ತು. ಥೂ, ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ. ನಾನು ಅವರ ತೋಳಿಗೆ ಪಟ್ಟಿ ಬಿಗಿದೆ. ಅವರು ಬೇಡವೆನ್ನಲಿಲ್ಲ. ಕೊಳವೆ ತುಂಬಿಸಿಕೊಂಡು, ಕೋಡುಬಳೆಯನ್ನೂ ಕಟ್ಟಿಸಿಕೊಂಡು ಬಂದೆ.

ಎರಡನೆಯ ಫಿಲ್ಮಿನಲ್ಲೂ ಗೆರೆಗಳು ಅವೇ. ನನ್ನ ಕೈ ತಪ್ಪಿರಲಿಲ್ಲ. ಪ್ರೊಫೆಸರಿಗೆ ತೋರಿಸಿದಾಗ ಅವರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು. "ಬಿಡು ಅಂದಿದ್ದೆನಲ್ಲ. ಈಗ ನಿನಗೆ ಖಚಿತವಾಗಿ ಗೊತ್ತಿದೆ. ಅದನ್ನು ಇಟ್ಟುಕೊಂಡು ಏನು ಮಾಡ್ತೀಯ?" ನಮ್ಮ ಲೇಖನಕ್ಕೆಂದು ಆ ಕುಟುಂಬದ ವಂಶವೃಕ್ಷ ಬರೆದಿದ್ದೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಪ್ಪ ಅಮ್ಮನ ಕೆಳಗೆ ಇದ್ದ ಚಿಕ್ಕ ವೃತ್ತವನ್ನು ಅವತ್ತು ರಬ್ಬರಿನಿಂದ ಉಜ್ಜಿ ಅಳಿಸಿದೆ. ಅದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ಐದಾರು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮಧ್ಯಾಹ್ನ ಪುಟ್ಟಿ ಒಬ್ಬಳೇ ನಮ್ಮ ಯೂನಿಟ್ಟಿಗೆ ಬಂದಳು. ನನ್ನ ಗಂಡ ಮನೆಯಲ್ಲಿರಲಿಲ್ಲ. ಕಾಫಿ ಬೇಡ ಎಂದಳು, ಕೂತುಕೋ ಅಂದರೂ ನಿಂತೇ ಇದ್ದಳು. ಅವಳ ಜೊತೆ ಓದುತ್ತಿದ್ದ ಒಬ್ಬ ಹುಡುಗ, ಮಂಗಳೂರಿನ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯವನು, ಮದುವೆಯಾಗೋಣ ಅಂದಿದ್ದನಂತೆ. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಒಪ್ಪಿದ್ದರಂತೆ.

"ಐ ಸೆಡ್ ನೋ, ಆಂಟಿ" ಎಂದಳು. "ಅಪ್ಪನ್ನ ನೋಡಿದ್ದೀನಿ, ಅಣ್ಣನ್ನ ನೋಡ್ತಾ ಇದ್ದೀನಿ. ದಿನಾ ಸಂಜೆ ಬ್ಯಾಕ್‌ಯಾರ್ಡ್‌ಗೆ ಹೋಗಿ ಬಟ್ಟೆ ಹಗ್ಗದ ಕ್ಲಿಪ್ ಎಣಿಸ್ತೀನಿ. ಇಪ್ಪತ್ತು ಇವೆ. ಹತ್ತೊಂಬತ್ತು ಕಂಡ ದಿನ ನಂಗೆ ನಿದ್ದೆ ಬರಲ್ಲ. ಅಮ್ಮಂಗೆ ಇದೆಲ್ಲ ಗೊತ್ತಿಲ್ಲ. ಕಣ್ಣಿನ ಡಾಕ್ಟರ್ ಈಗ ಏನೂ ಇಲ್ಲ, ಮುಂದೆ ಹೇಳೋಕಾಗಲ್ಲ ಅಂತಾರೆ. ನಂಗೇ ಹೀಗೆ, ಇನ್ನು ಮಗು? ನಾನು ಮಾಡಲ್ಲ ಆಂಟಿ. ಒಂದು ಮಗೂಗೆ ಅದನ್ನ ಮಾಡಲ್ಲ." ಆಮೇಲೆ ಕೇಳಿದಳು: "ನಿಮ್ಮ ಲ್ಯಾಬಲ್ಲಿ ಏನಾದ್ರೂ ಟೆಸ್ಟ್ ಬಂದಿದ್ಯಾ?"

"ಇನ್ನೂ ಇಲ್ಲಮ್ಮ. ಮೂಲವೇ ಸಿಕ್ಕಿಲ್ಲ."

ಅವಳು ಗೋಡೆಗೆ ಒರಗಿ ಅಳತೊಡಗಿದಳು. ಸದ್ದಿಲ್ಲದೆ, ಭುಜ ಮಾತ್ರ ಅಲುಗುತ್ತಿತ್ತು. ಇಪ್ಪತ್ತು ಕ್ಲಿಪ್ಪು ಎಣಿಸುವ ಈ ಹುಡುಗಿ, ಎಣಿಸಬೇಕಾದ ಅಗತ್ಯವೇ ಇಲ್ಲದ ಹುಡುಗಿ. ಅವಳ ಅಪ್ಪ ಅಮ್ಮನ ಹಾಗೆ ನನಗೂ ಅದು ಖಚಿತವಾಗಿ ಗೊತ್ತು. ಹೇಗೆ ಸುಮ್ಮನಿರಲಿ? ಎದ್ದು ಅವಳ ಕೈ ಹಿಡಿದೆ.

"ಅಳಬೇಡ ಪುಟ್ಟಿ. ನಿನ್ನ ಕಣ್ಣಿಗೆ ಏನೂ ಆಗಲ್ಲ. ನಿನ್ನ ಮಕ್ಕಳಿಗೂ ಏನೂ ಆಗಲ್ಲ. ಧೈರ್ಯವಾಗಿ ಮದುವೆ ಆಗು."

ಅವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. "ಹೌ ಡೂ ಯೂ ನೋ?"

"ಅಂದ್ರೆ... ನನಗನ್ನಿಸುತ್ತೆ."

"ಇಲ್ಲ, ನೀವು ಅನ್ನಿಸುತ್ತೆ ಅನ್ನಲಿಲ್ಲ. ಆಗಲ್ಲ ಅಂದ್ರಿ. ಟೆಸ್ಟೇ ಇಲ್ಲ ಅಂದ್ರಿ ಈಗ ತಾನೇ. ಟೆಸ್ಟ್ ಇಲ್ದೆ ನಿಮಗೆ ಹೇಗೆ ಗೊತ್ತು?" ಓದಿದ ಹುಡುಗಿ. ಅವಳ ತಲೆ ಓಡುತ್ತಿರುವುದು ನನಗೆ ಕಾಣಿಸುತ್ತಿತ್ತು, ನಿಲ್ಲಿಸುವ ದಾರಿ ಕಾಣಿಸಲಿಲ್ಲ. "ಅದಕ್ಕೇ ನಂದು ಎರಡು ಸಲ ತಗೊಂಡ್ರಾ? ಕೆಟ್ಟುಹೋಗಿರಲಿಲ್ಲ ಅಲ್ವಾ?" ಆಮೇಲೆ ಬೇರೆಯದೇ ದನಿಯಲ್ಲಿ, "ನಾನು ಅಪ್ಪನ ಮಗಳಲ್ಲ. ಅಮ್ಮ... ಅಮ್ಮ ಬೇರೆ ಯಾರ ಜೊತೆಗೋ..."

"ಛೀ! ಬಿಡ್ತು ಅನ್ನು!" ಎಂದು ಕಿರುಚಿದೆ. ಆ ಹೆಂಗಸಿನ ಮೇಲೆ ಅಂಥ ಮಾತು ಬರುವುದೇ? ನಮ್ಮ ಕಡೆಯ ಹೆಣ್ಣು ಯಾವುದನ್ನು ಕೇಳಿದರೂ ಇದೊಂದನ್ನು ಕೇಳಿ ಸುಮ್ಮನಿರುವುದಿಲ್ಲ. "ಅಮ್ಮನ ಬಗ್ಗೆ ಹಾಗೆಲ್ಲ ಅನ್ನಬೇಡ. ಅಮ್ಮ ಅಂಥವರಲ್ಲ. ಅಮ್ಮಂದೂ..." ಎಂದು ನಾಲಿಗೆ ಕಚ್ಚಿಕೊಂಡೆ.

ಅಷ್ಟು ಸಾಕಾಯಿತು. ಆಂಟಿಯ ಶೀಲ ಉಳಿಸಲು ಹೋಗಿ ಅವರ ತಾಯ್ತನವನ್ನೇ ಕಿತ್ತುಕೊಂಡಿದ್ದೆ.

"ಅಮ್ಮಂದೂ ಅಲ್ಲ" ಎಂದು ಪುಟ್ಟಿ ಮೆಲ್ಲಗೆ ಅಂದಳು. ಪ್ರಶ್ನೆಯಲ್ಲ ಅದು. ಆಮೇಲೆ ಸೋಫಾದ ಮೇಲೆ ಕೂತು, ಚಪ್ಪಲಿಯ ಪಟ್ಟಿ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದಳು. ನಾನು ಆಸ್ಪತ್ರೆಯ ಕಥೆ, ಪಕ್ಕದ ಮಂಚ, ಹಾಲು ಎಲ್ಲವನ್ನೂ ಹೇಳಿದೆ. ಮುಚ್ಚಿಡಲು ಇನ್ನೇನು ಉಳಿದಿತ್ತು? ಕೇಳಿ ಮುಗಿಸಿ, "ಅಮ್ಮಂಗೆ ಹೇಳ್ಬೇಡಿ, ನಂಗೆ ಗೊತ್ತು ಅಂತ" ಎಂದಳು. ಅಮ್ಮನಿಗೆ ಇಟ್ಟ ಆಣೆ ಮುರಿದ ಬಾಯಲ್ಲೇ ಮಗಳಿಗೂ ಆಣೆ ಇಟ್ಟೆ.

ಪುಟ್ಟಿ ಮದುವೆಯಾದಳು. ಓದು ಮುಗಿಸಿ, ಗಂಡನ ಜೊತೆ ಮೆಲ್ಬೋರ್ನ್‌ಗೆ ಹೋದಳು. ಮೊದಲು ವಾರಕ್ಕೆರಡು ಸಲ ಬರುತ್ತಿದ್ದ ಫೋನು ತಿಂಗಳಿಗೊಂದಾಯಿತು. ದೀಪಾವಳಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. "ಆ ಹುಡುಗ ಬಿಡಲ್ಲ ಅಂತ ಕಾಣುತ್ತೆ" ಎಂದು ಆಂಟಿ ನನ್ನ ಮುಂದೆ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. "ಅವರ ಜಾತಿಯೇ ಬೇರೆ, ನಮ್ಮ ಮನೆ ಊಟ ಅವನಿಗೆ ಹಿಡಿಸಲ್ಲ." ಪಾಪ, ಆ ಹುಡುಗ ಅವರ ಸಾರು ಎಂದರೆ ಪ್ರಾಣ ಬಿಡುತ್ತಿದ್ದ. ನಾನು "ಹೌದೇನೋ ಆಂಟಿ" ಎನ್ನುತ್ತಿದ್ದೆ. ಏನೂ ಮಾಡದ ಒಬ್ಬನ ತಲೆಗೆ ನನ್ನ ತಪ್ಪು ಕಟ್ಟಿ, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ.

ನಮ್ಮ ಲೇಖನ ಅಚ್ಚಾಯಿತು. ಕೆಳಗೆ ನನ್ನ ಹೆಸರೂ ಇತ್ತು. ಅದರಿಂದ ಆ ಮನೆಯ ಇಬ್ಬರ ಕಣ್ಣಿಗೆ ಒಂದು ಎಳೆ ಬೆಳಕೂ ಬರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಗಂಡನ ಕಂಪನಿ ನಮ್ಮನ್ನೂ ಮೆಲ್ಬೋರ್ನ್‌ಗೆ ಕಳಿಸಿತು. ಊರಿನ ಪಶ್ಚಿಮಕ್ಕೆ ಮನೆ ಮಾಡಿದೆವು. ನಮ್ಮಿಂದಾಚೆ, ಈಗ ಮನೆಗೆ ಮನೆ ಅಂಟಿಕೊಂಡಿರುವ ಟಾರ್ನೀಟ್ ಆಗ ಬರೀ ಒಣಹುಲ್ಲಿನ ಬಯಲು. ಹತ್ತಿರದ ಸನ್‌ಶೈನ್ ಬಡಾವಣೆಯ ದಿನಸಿ ಅಂಗಡಿಯಲ್ಲಿ ಒಂದು ದಿನ ತೊಗರಿಬೇಳೆ ಆರಿಸುತ್ತಿದ್ದಾಗ ಎದುರಿಗೆ ಪುಟ್ಟಿ, ತುಂಬು ಬಸುರಿ. ಮುಖ ತಿರುಗಿಸಿಕೊಂಡು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. "ಡಾಕ್ಟರ್ ಹತ್ರ ಫ್ಯಾಮಿಲಿ ಹಿಸ್ಟರಿ ಕೇಳ್ತಾರೆ ಆಂಟಿ" ಎಂದಳು, ನಗುವಂತೆ. "ಗೊತ್ತಿಲ್ಲ ಅಂತ ಬರೆದೆ." ನನ್ನ ಫೋನ್ ನಂಬರ್ ಬರೆದುಕೊಂಡಳು.

ಅವಳು ಮದುವೆಯಾಗದಿದ್ದರೆ ಆ ಮಗು ಹುಟ್ಟುತ್ತಿರಲಿಲ್ಲ, ನಾನು ಬಾಯಿ ಬಿಡದಿದ್ದರೆ ಅವಳು ಮದುವೆಯಾಗುತ್ತಿರಲಿಲ್ಲ. ಹೀಗೆ ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ಹೋಗಿದ್ದೇನೆ. ಸಮಾಧಾನ ಬಾಗಿಲವರೆಗೆ ಬರುತ್ತದೆ, ಆಗ ಆಂಟಿಯ ಚಾಚಿದ ತೋಳು ನೆನಪಾಗುತ್ತದೆ.

ಹೆರಿಗೆಯಾಗಿ ಹತ್ತು ದಿನಕ್ಕೆ ಫೋನ್ ಬಂತು. ಹಿನ್ನೆಲೆಯಲ್ಲಿ ಮಗು ಒಂದೇ ಸಮನೆ ಅಳುತ್ತಿತ್ತು. "ಹಾಲು ಬರ್ತಿಲ್ಲ ಆಂಟಿ. ನರ್ಸ್ ಬಾಟಲ್ ಕೊಡು ಅಂತಾಳೆ. ಅತ್ತೆಗೆ ವೀಸಾ ಸಿಕ್ಕಿಲ್ಲ." ಬಾಣಂತನಕ್ಕೆ ಅಮ್ಮನನ್ನು ಕರೆದಿಲ್ಲವೇ ಎಂದು ಕೇಳಿದೆ, ಕರೆದಿಲ್ಲವೆಂದು ಗೊತ್ತಿದ್ದೂ. ಚೊಚ್ಚಲ ಬಾಣಂತನಕ್ಕೆ ಮಗಳು ಕರೀಲಿಲ್ಲ ಕಣೇ ಎಂದು ಆಂಟಿ ಸಿಡ್ನಿಯಿಂದ ನನಗೆ ಫೋನ್ ಮಾಡಿ ಅತ್ತಾಗಿತ್ತು.

"ಅಮ್ಮ ಬೇಕು" ಎಂದಳು ಪುಟ್ಟಿ. ಚಿಕ್ಕ ಹುಡುಗಿಯ ಹಾಗೆ. "ಸುಳ್ಳು ಹೇಳಿದ್ರು ಅಂತ ನಂಗೆ ಕೋಪ ಇಲ್ಲ. ಆದ್ರೆ ಅಮ್ಮ ಅಂದಾಗೆಲ್ಲ ನಾನು ಏನೂ ಗೊತ್ತಿಲ್ಲದವಳ ಥರ ಆಡ್ಬೇಕು. ಅದು ನನ್ನ ಕೈಲಾಗಲ್ಲ. ಅವರಿಗೂ ಗೊತ್ತಾಗ್ಲಿ. ನಾನು ಹೇಳಲ್ಲ, ನೀವು ಹೇಳಿ. ಯೂ ಸ್ಟಾರ್ಟೆಡ್ ಇಟ್."

ಹೇಳಿದೆ. ಬೆಳಿಗ್ಗೆ ಹತ್ತು ಗಂಟೆಗೆ, ಅಡುಗೆಮನೆಯಲ್ಲಿ ನಿಂತು, ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ಎಲ್ಲವನ್ನೂ ಹೇಳಿದೆ. ಕೆಟ್ಟಿರದ ಸ್ಯಾಂಪಲ್ಲು, ಮುರಿದ ಆಣೆ, ಆ ಹುಡುಗನ ಮೇಲೆ ಹೊರಿಸಿದ್ದು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಹಾಲು ಬರ್ತಿದ್ಯಾ ಅವಳಿಗೆ?" ಎಂದರು ಆಂಟಿ.

"ಇಲ್ಲ ಆಂಟಿ."

"ನಾಳೆ ಬರ್ತೀನಿ."

ಟಲ್ಲಮರೀನ್ ಏರ್‌ಪೋರ್ಟಿಗೆ ನಾನೇ ಹೋದೆ. ಕೈಯಲ್ಲಿ ಅಂಟಿನುಂಡೆಯ ಡಬ್ಬಿ, ಹೆಗಲಲ್ಲಿ ಬಾಣಂತಿಯ ಹೊಟ್ಟೆಗೆ ಕಟ್ಟುವ ಹಳೆಯ ಸೀರೆಗಳ ಗಂಟು. ತೆಗೆದುಕೊಳ್ಳಲು ಕೈ ನೀಡಿದೆ. "ಬೇಡ, ನೀವು ಗಾಡಿ ನೋಡ್ಕೊಳ್ಳಿ" ಎಂದರು.

ನೀವು. ಮೊದಲ ದಿನದಿಂದ ನನ್ನನ್ನು ನೀನು, ಬಾರೇ, ಹೋಗೇ ಎಂದು ಕರೆದಿದ್ದ ಹೆಂಗಸು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಾ ಕೂತರು.

ಪುಟ್ಟಿಯ ಮನೆಯ ಮುಂದೆ ಕಾರು ನಿಲ್ಲಿಸಿದೆ. ಒಳಗಿನಿಂದ ಮಗುವಿನ ಅಳು ಕೇಳುತ್ತಿತ್ತು. ಆಂಟಿ ಇಳಿಯಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತುತ್ತಾ, "ಒಂದು ಕೇಳ್ತೀನಿ" ಎಂದರು. "ನಿಮ್ಮ ಪರೀಕ್ಷೇಲಿ ನಾನು ಫೇಲಾದೆ ಅಲ್ವಾ? ಎರಡು ಸಲ ಬರ್ಸಿದ್ರೂ ಫೇಲು."

"ಅಯ್ಯೋ ಇಲ್ಲ ಆಂಟಿ! ಅದು ಪರೀಕ್ಷೆಯೇ ಅಲ್ಲ. ಅದು ಸಂಶೋಧನೆ. ನಾನು ತಪ್ಪು ಬರೆದಿದ್ದೆ." ಅಷ್ಟು ವರ್ಷದ ಮೇಲೆ ಆ ಸರಿಯಾದ ಪದ ನನ್ನ ಬಾಯಿಂದ ಹೊರಬಂತು.

"ಹಾಗಂದ್ರೆ?"

"ಅಂದ್ರೆ, ನಮಗೆ ಬೇಕಾದ್ದನ್ನ ನಾವು ಹುಡುಕೋದು. ನಿಮಗೆ ಅದರಿಂದ ಏನೂ ಇರಲಿಲ್ಲ."

ಅವರು ತಲೆಯಾಡಿಸಿದರು. ಬಾಗಿಲು ತೆಗೆದು, ಗಂಟನ್ನು ಹೆಗಲಿಗೇರಿಸಿ, ಡಬ್ಬಿಯನ್ನು ಎದೆಗವಚಿಕೊಂಡು ಇಳಿದರು. ನಾನೂ ಇಳಿಯಲು ಹೋದಾಗ ಬಗ್ಗಿ ಕಿಟಕಿಯಲ್ಲಿ ನನ್ನನ್ನು ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ.

"ಹಾಗೆ ಬರೆದಿದ್ರೆ ನಾನು ತೋಳು ಕೊಡ್ತಿರಲಿಲ್ಲ" ಎಂದರು. "ನೀವು ಇಲ್ಲೇ ಇರಿ." ಅಳುವ ಮಗುವಿನ ಕಡೆಗೆ ಬೇಗ ಬೇಗ ನಡೆದುಹೋದರು.